ನೆರೆಯವನೊಡನೆ ಒಡಂಬಡಿಕೆ

ಹೊಲದ ಬದುವಿಗಾಗಿ ತಲೆಮಾರುಗಳಿಂದ ಹೊಡೆದಾಡುತ್ತ ಬಂದ ಎರಡು ಮನೆತನಗಳನ್ನು ಕೂಡಿಸಹೊರಟ ಹಿರಿಯರಿಗೆ ಒಂದು ತೊಡಕು ಎದುರಾಗದೆ ಇರದು. ಮೊದಲು ಮನಸ್ಸು ತಿಳಿಯಾಗಲಿ, ಬದುವಿನ ಮಾತು ಆಮೇಲೆ ಎನ್ನಬೇಕೋ? ಮೊದಲು ಬದುವಿನ ಮಾತು ತೀರಲಿ, ಮನಸ್ಸು ತಾನಾಗಿ ತಿಳಿಯಾದೀತು ಎನ್ನಬೇಕೋ? ಅಂತರಂಗ ಶುದ್ಧವಾಗದ ಹೊರಗಣ ಆಚರಣೆಯು ಬರಿಯ ವೇಷವೆಂಬುದನ್ನು ಕೇಳುತ್ತ ಬೆಳೆದ ಸದ್ಭಕ್ತರಿಗೆ ಮೊದಲನೆಯ ಪಕ್ಷವೇ ಮೇಲೆಂದು ತೋರುವುದು ಸಹಜ. ಒಬ್ಬ ಮನುಷ್ಯನ ಮಟ್ಟಿಗೆ ಅದು ಸರಿಯೂ ಹೌದು. ಆದರೆ ರಾಷ್ಟ್ರಗಳ ಮಾತು ಬೇರೆ. ಕೋಟ್ಯನುಕೋಟಿ ಜನರ ಅಂತರಂಗವು ಶುದ್ಧವಾಗುವವರೆಗೆ ಒಡಂಬಡಿಕೆಯನ್ನು ತಡೆದಿಟ್ಟರೆ, ಅಷ್ಟರೊಳಗೆ ಇನ್ನೆರಡು ಯುದ್ಧಗಳು ನಡೆದುಹೋದಾವು.

ಈ ಪ್ರಶ್ನೆಗೆ ಯುರೋಪಿನ ನೆಲದಲ್ಲಿ ದೊರೆತ ಉತ್ತರವೊಂದು ಮನನಯೋಗ್ಯವಾಗಿದೆ. ಫ್ರಾನ್ಸ್ ಮತ್ತು ಜರ್ಮನಿಗಳು 1870ರಿಂದ 1945ರವರೆಗಿನ ಎಪ್ಪತ್ತೈದು ವರ್ಷಗಳಲ್ಲಿ ಮೂರು ಸಲ ಯುದ್ಧ ಹೂಡಿದವು. ಎರಡಕ್ಕೂ ನಡುವಣ ಅಲ್ಸಾಸ್ ಪ್ರಾಂತದ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಶಿಶುವೊಂದು ಎಪ್ಪತ್ತೇಳು ವರ್ಷ ಬದುಕಿದ್ದರೆ, ಹುಟ್ಟಿದ ಬೀದಿಯನ್ನು ಬಿಟ್ಟು ಕದಲದೆಯೇ ನಾಲ್ಕು ಸಲ ರಾಜ್ಯ ಬದಲಾದುದನ್ನು ಕಾಣುತ್ತಿತ್ತು. ಈ ಹಗೆಗೆ ಮಾನಾಪಮಾನದ ಕಾರಣಗಳು ಅನೇಕ. ಅವುಗಳ ಬುಡದಲ್ಲಿ ಕಲ್ಲಿದ್ದಲೂ ಕಬ್ಬಿಣವೂ ಇದ್ದವು. ರೂರ್ ಪ್ರದೇಶದ ಕಲ್ಲಿದ್ದಲು ಜರ್ಮನಿಯದು. ಲೊರೇನಿನ ಅದಿರು ಒಮ್ಮೆ ಇವರದು, ಒಮ್ಮೆ ಅವರದು. ಎರಡೂ ಕೂಡದೆ ಉಕ್ಕಿಲ್ಲ, ಉಕ್ಕಿಲ್ಲದೆ ಫಿರಂಗಿಯಿಲ್ಲ.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಗೆದ್ದವರು ಅನುಸರಿಸಿದ ಹಾದಿಯೆಂದರೆ ಕಸಿದುಕೊಳ್ಳುವುದು. ಸಾರ್ ಸೀಮೆಯ ಗಣಿಗಳನ್ನು ಫ್ರಾನ್ಸ್ ತೆಗೆದುಕೊಂಡಿತು. 1923ರಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ರೂರ್ ಪ್ರದೇಶಕ್ಕೇ ನುಗ್ಗಿದವು. ಅಂದು ಜರ್ಮನರ ಎದೆಯಲ್ಲಿ ಕೂತ ಕಿಚ್ಚು ಯಾರ ಕೈಗೆ ಅನುಕೂಲವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ತರುವಾಯವೂ ಅದೇ ಹಾದಿಯನ್ನು ಹಿಡಿಯಬೇಕೆನ್ನುವವರು ಬೇಕಾದಷ್ಟು ಮಂದಿ ಇದ್ದರು. ಆದರೆ 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವರಾದ ರಾಬರ್ಟ್ ಶೂಮನ್ನರು ಬೇರೊಂದು ಸಲಹೆಯನ್ನು ಮುಂದಿಟ್ಟರು. ಜರ್ಮನಿಯ ಕಲ್ಲಿದ್ದಲನ್ನು ಫ್ರಾನ್ಸ್ ಕಸಿಯುವುದು ಬೇಡ. ಎರಡು ದೇಶಗಳ ಕಲ್ಲಿದ್ದಲೂ ಉಕ್ಕೂ ಒಂದೇ ಸಮಾನಾಧಿಕಾರದ ಕೆಳಗೆ ಬರಲಿ. ಸೇರಲೊಪ್ಪುವ ನೆರೆಯವರೂ ಸೇರಲಿ, ಎಂಬುದೇ ಆ ಸಲಹೆ. ಕರಡನ್ನು ಸಿದ್ಧಪಡಿಸಿದವರು ಜಾನ್ ಮೊನೆ. ಯುದ್ಧಸಾಮಗ್ರಿಯ ಮೂಲವೇ ಕೂಡುವ್ಯವಹಾರದಲ್ಲಿ ಸೇರಿಹೋದರೆ ಒಬ್ಬರ ಮೇಲೊಬ್ಬರು ಗುಟ್ಟಾಗಿ ಆಯುಧವನ್ನು ಕೂಡಿಡುವುದಾದರೂ ಹೇಗೆ?

ಶೂಮನ್ನರು ಗಡಿಯ ಮನುಷ್ಯರು. ಲಕ್ಸೆಂಬರ್ಗಿನಲ್ಲಿ ಹುಟ್ಟಿ, ಜರ್ಮನ್ ಪ್ರಜೆಯಾಗಿ ಬೆಳೆದು, ಮೊದಲನೆಯ ಮಹಾಯುದ್ಧದ ತರುವಾಯ ಫ್ರೆಂಚ್ ಪ್ರಜೆಯಾದವರು. ಇಟಲಿಯ ಪ್ರಧಾನಿಯಾಗಿದ್ದ ದೆ ಗಾಸ್ಪೆರಿಯವರು ಒಂದು ಕಾಲಕ್ಕೆ ವಿಯೆನ್ನಾದ ಸಂಸತ್ತಿನಲ್ಲಿ ಸದಸ್ಯರಾಗಿದ್ದವರು. ಗಡಿಯಲ್ಲಿ ಬಾಳಿದವರಿಗೆ ನೆರೆಯವನ ಮುಖದ ಪರಿಚಯವಿರುತ್ತದೆ. ರಾಜಧಾನಿಯಲ್ಲಿ ಕುಳಿತವರಿಗೆ ಅವನ ಹೆಸರು ಮಾತ್ರ ತಿಳಿದಿರುತ್ತದೆ.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ಪ್ಯಾರಿಸ್ಸಿನಲ್ಲಿ ಐವತ್ತು ವರ್ಷಗಳ ಅವಧಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಅತ್ಯಂತ ವಿಲಕ್ಷಣವಾದ ಅಂಶವೆಂದರೆ ಒಂಬತ್ತು ಮಂದಿಯ ಉನ್ನತಾಧಿಕಾರ ಮಂಡಲಿ. ಅದರ ಸದಸ್ಯರು ತಂತಮ್ಮ ಸರಕಾರಗಳ ಅಪ್ಪಣೆಯನ್ನು ಕೇಳತಕ್ಕವರಲ್ಲ, ಪಡೆಯತಕ್ಕವರೂ ಅಲ್ಲ. ತೀರ್ಪು ಕೊಡಲು ನ್ಯಾಯಾಲಯವೂ ಏರ್ಪಟ್ಟಿತು. ಜರ್ಮನರು ಮಾಡಿದ ಘೋರಕೃತ್ಯಗಳಿಗೆ ಕ್ಷಮೆ ದೊರೆತು, ಫ್ರೆಂಚರ ಎದೆ ಕರಗಿ, ತರುವಾಯ ಇದೆಲ್ಲ ಆಯಿತೆಂದು ಭಾವಿಸುವುದು ತಪ್ಪು. ಯುದ್ಧ ನಿಂತು ಐದೇ ವರ್ಷಗಳಾಗಿದ್ದವು. ವಿಧವೆಯರ ಕಣ್ಣೀರು ಆರಿರಲಿಲ್ಲ. ಅವಿಶ್ವಾಸವು ಇದ್ದುದರಿಂದಲೇ ಆ ಕಟ್ಟುಪಾಡು ಬೇಕಾಯಿತು. ಪೂರ್ಣ ವಿಶ್ವಾಸವಿದ್ದೆಡೆ ಕರಾರುಪತ್ರದ ಅಗತ್ಯವೇನಿದೆ?

ಇಲ್ಲಿ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ತನ್ನ ನೆಲದ ಗಣಿಯ ಮೇಲೆ ತನ್ನ ಪ್ರಜೆಗಳು ಆರಿಸದ ಮಂಡಲಿಯೊಂದು ಆಜ್ಞೆ ಮಾಡುವುದಾದರೆ ಸ್ವಾತಂತ್ರ್ಯಕ್ಕೆ ಅರ್ಥವೇನು? ಬ್ರಿಟನ್ ಆಗ ಈ ಮಾತನ್ನೇ ಹೇಳಿ ಹೊರಗುಳಿಯಿತು. ಅದು ತನ್ನ ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರದ ಸೊತ್ತಾಗಿ ಮಾಡಿಕೊಂಡದ್ದು 1947ರಲ್ಲಷ್ಟೆ. 1973ರಲ್ಲಿ ಸೇರಿ, 2016ರ ಜನಮತಗಣನೆಯಲ್ಲಿ ಶೇಕಡಾ 52ರಷ್ಟು ಮತದಿಂದ ಹೊರಬರಲು ನಿರ್ಧರಿಸಿ, 2020ರ ಜನವರಿ 31ರಂದು ಹೊರಬಂದಿತು. ಫ್ರಾನ್ಸಿನ ಸಂಸತ್ತು ಸಹ, ಸೇನೆಗಳನ್ನೇ ಒಂದುಗೂಡಿಸುವ ಯೋಜನೆ ಬಂದಾಗ, 1954ರ ಆಗಸ್ಟ್ 30ರಂದು ಅದನ್ನು ತಳ್ಳಿಹಾಕಿತು. ಕಲ್ಲಿದ್ದಲನ್ನು ಹಂಚಿಕೊಂಡಷ್ಟು ಸುಲಭವಾಗಿ ಮಕ್ಕಳ ಪ್ರಾಣವನ್ನು ಪರರ ಆಜ್ಞೆಗೆ ಒಪ್ಪಿಸಲು ಯಾವ ತಾಯಿತಂದೆಗಳೂ ಒಪ್ಪರು. ಆಳುವವರನ್ನು ಕರೆದು ಲೆಕ್ಕ ಕೇಳುವ ಹಕ್ಕು ಪ್ರಜೆಯಲ್ಲಿ ಉಳಿಯಲೇಬೇಕು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಬಲವಂತನು ಕಿತ್ತುಕೊಂಡ ಅಧಿಕಾರವು ಅಪಮಾನ; ಇಬ್ಬರೂ ಸರಿಸಮನಾಗಿ ಬಿಟ್ಟುಕೊಟ್ಟ ಅಧಿಕಾರವು ಸಂಯಮ. 1923ರಲ್ಲಿ ನಡೆದುದು ಮೊದಲನೆಯದು, 1951ರಲ್ಲಿ ನಡೆದುದು ಎರಡನೆಯದು.

ಇಂತಹ ಸಖ್ಯದ ಬೆಲೆಯನ್ನು ತೆರುವವರು ಯಾರು ಎಂಬುದನ್ನೂ ನೋಡಬೇಕು. ಇಟಲಿ ಮತ್ತು ಬೆಲ್ಜಿಯಂ 1946ರಲ್ಲಿಯೇ ಒಂದು ಕರಾರು ಮಾಡಿಕೊಂಡಿದ್ದವು: ಇಟಲಿ ಗಣಿಗೆ ಆಳುಗಳನ್ನು ಕಳಿಸಬೇಕು, ಬೆಲ್ಜಿಯಂ ಕಲ್ಲಿದ್ದಲನ್ನು ಕೊಡಬೇಕು. ಆರು ದೇಶಗಳ ಕೂಟವು ಆರಂಭವಾಗಿ ನಾಲ್ಕು ವರ್ಷಗಳಾಗಿದ್ದಾಗ, 1956ರ ಆಗಸ್ಟ್ 8ರಂದು, ಬೆಲ್ಜಿಯಮ್ಮಿನ ಮಾರ್ಸಿನೆಲ್ ಎಂಬಲ್ಲಿ ಗಣಿಯೊಳಗೆ ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯಿಂದ ಹೊಟ್ಟೆಪಾಡಿಗಾಗಿ ಬಂದವರು. ಮರುವರ್ಷ ಆ ಕೂಟವು ಗಣಿಗಳ ಸುರಕ್ಷತೆಗಾಗಿ ಪ್ರತ್ಯೇಕ ಮಂಡಲಿಯೊಂದನ್ನು ನೇಮಿಸಿತು. ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಹೊಸ ಕಸಬು ಕಲಿಸಲು ಹಣವೊದಗಿಸುವ ಏರ್ಪಾಡು ಮೂಲ ಒಪ್ಪಂದದಲ್ಲಿಯೇ ಇತ್ತು. ಗಣಿಯ ಬಾಯಲ್ಲಿ ದುಡಿಯುವ ಕಾಯಕಜೀವಿಯ ಯೋಗಕ್ಷೇಮವನ್ನು ಒಳಗೊಳ್ಳದ ರಾಷ್ಟ್ರಮೈತ್ರಿಯು ಮಂತ್ರಿಗಳ ಔತಣದ ಮಾತಾಗಿಯೇ ಉಳಿಯುತ್ತದೆ.

ಭಾರತದ ನೆರೆಹೊರೆಯಲ್ಲಿ ನಡೆದ ಪ್ರಯತ್ನದ ಸ್ವರೂಪವು ಬೇರೆ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಕೂಡಿ ಸಾರ್ಕ್ ಸಂಘವನ್ನು ಸ್ಥಾಪಿಸಿದವು. ಅದರ ಎರಡನೆಯ ಶೃಂಗಸಭೆಯು ನಡೆದುದು 1986ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ. ಸನದಿನಲ್ಲಿಯೇ ಎರಡು ನಿಯಮಗಳನ್ನು ಬರೆಯಲಾಯಿತು: ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಆಗಬೇಕು, ಇಬ್ಬರ ನಡುವಣ ವಿವಾದಗಳನ್ನು ಸಭೆಯಲ್ಲಿ ಎತ್ತಕೂಡದು. ಈ ನಿಯಮಗಳಿಲ್ಲದೆ ಮೊದಲನೆಯ ಸಭೆಯೇ ಸೇರುತ್ತಿರಲಿಲ್ಲವೇನೋ. ಆದರೂ ಹುಣ್ಣನ್ನು ಮುಟ್ಟಕೂಡದೆಂಬ ಕರಾರಿನ ಮೇಲೆ ಬಂದ ವೈದ್ಯನು ಎಷ್ಟು ಮಾಡಿಯಾನು? ಹೊರಗಿಟ್ಟ ಜಗಳವೇ ಕಡೆಗೆ ಬಾಗಿಲನ್ನು ಮುಚ್ಚಿತು. 2014ರಲ್ಲಿ ಕಾಠ್ಮಂಡುವಿನಲ್ಲಿ ಸಭೆ ನಡೆಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಾಗಿದ್ದುದು ಉರಿ ದಾಳಿಯ ತರುವಾಯ ನಡೆಯಲಿಲ್ಲ.

ವಿವಾದದ ವಸ್ತುವನ್ನೇ ಕೈಗೆತ್ತಿಕೊಂಡ ನಿದರ್ಶನವೂ ಇಲ್ಲಿ ಇಲ್ಲದಿಲ್ಲ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಆಯೂಬ್ ಖಾನ್ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಬಹುಮಟ್ಟಿಗೆ ಪಾಕಿಸ್ತಾನಕ್ಕೆ. 1965 ಮತ್ತು 1971ರ ಯುದ್ಧಗಳನ್ನು ದಾಟಿ ಅದು ಬಾಳಿತು. ಪಹಲ್‌ಗಾಮಿನಲ್ಲಿ 26 ಮಂದಿಯ ಕೊಲೆಯಾದ ತರುವಾಯ, 2025ರ ಏಪ್ರಿಲ್‌ನಲ್ಲಿ, ಭಾರತವು ಅದನ್ನು ತಡೆಹಿಡಿಯಿತು. ಅಮಾಯಕರ ರಕ್ತ ಹರಿಯುತ್ತಿರುವಾಗ ಕರಾರು ಎಂದಿನಂತೆ ನಡೆಯಲಿ ಎನ್ನುವುದು ಸುಲಭವಲ್ಲ. ಆದರೆ ಆ ಒಪ್ಪಂದದ ಒಳಗುಟ್ಟನ್ನು ಗಮನಿಸಬೇಕು: ಅದು ಪಾಲುಪತ್ರ, ಕೂಡುಬಾಳಲ್ಲ. ಪಾಲಾದ ಅಣ್ಣತಮ್ಮಂದಿರು ಬದುವನ್ನು ಕಾಯುತ್ತಾರೆ; ಒಬ್ಬನ ಬೆಳೆ ಒಣಗಿದರೆ ಮತ್ತೊಬ್ಬನ ಕಣಜಕ್ಕೆ ಕೊರತೆಯಿಲ್ಲ. ಕಲ್ಲಿದ್ದಲಿನ ಕೂಟದಲ್ಲಿ ಒಬ್ಬನ ನಷ್ಟವು ಇನ್ನೊಬ್ಬನ ಕುಲುಮೆಗೂ ತಟ್ಟುತ್ತಿತ್ತು.

ಯುರೋಪಿಗೆ ಅಮೆರಿಕದ ನೆರವೂ ರಷ್ಯದ ಭಯವೂ ಊರೆಗೋಲಾಗಿದ್ದವು. ದಕ್ಷಿಣ ಏಷ್ಯಕ್ಕೆ ಅಂತಹ ಊರೆಗೋಲುಗಳಿಲ್ಲ. ಆದರೂ 2024ರ ಅಕ್ಟೋಬರಿನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶಗಳು ಸದ್ದಿಲ್ಲದೆ ಒಂದು ಕರಾರು ಮಾಡಿಕೊಂಡವು. ಢಾಕಾದಲ್ಲಿ ಆಳಿಕೆ ಮಗುಚಿಬಿದ್ದು, ದಿಲ್ಲಿಯೊಡನೆ ಮನಸ್ತಾಪವು ಬೆಳೆಯುತ್ತಿದ್ದ ದಿನಗಳವು. ಆದರೂ ನವೆಂಬರ್ 15ರಂದು ನೇಪಾಳದ ನದಿಗಳಿಂದ ಹುಟ್ಟಿದ 40 ಮೆಗಾವ್ಯಾಟ್ ವಿದ್ಯುತ್ತು ಭಾರತದ ತಂತಿಗಳ ಮೇಲೆ ಹಾಯ್ದು ಬಾಂಗ್ಲಾದೇಶವನ್ನು ಮುಟ್ಟಿತು.