ಮನೆಯನ್ನು ಹೊತ್ತು ನಡೆವವನ ಋಣ

ಹಿಂದೆ ಪರಸ್ಥಳದಲ್ಲಿ ಇರುಳಾದವನಿಗೆ ನೆಂಟರ ಮನೆ, ಧರ್ಮಛತ್ರ, ಗುಡಿಯ ಜಗಲಿ ಇವೇ ಆಸರೆಗಳಾಗಿದ್ದವು. ಎಲ್ಲಿ ತಂಗಿದರೂ ಒಬ್ಬರಲ್ಲ ಒಬ್ಬರ ಹಂಗಿಗೆ ಒಳಗಾಗಲೇಬೇಕು. ಹಂಗಿಗೆ ಒಳಗಾದವನು ತಗ್ಗಿ ನಡೆಯುತ್ತಿದ್ದನು. ಹೊರಡುವ ಮುನ್ನ ತಾನು ಮಲಗಿದ ಜಗಲಿಯನ್ನು ಗುಡಿಸುತ್ತಿದ್ದನು. ಆದರೆ ಮನೆಯನ್ನೇ ಜೊತೆಗೆ ಕೊಂಡೊಯ್ಯುವವನ ಮಾತೇನು? ಹಾಸಿಗೆ ಅವನದು, ಒಲೆ ಅವನದು, ಅಕ್ಕಿಬೇಳೆ ಅವನದು. ಅವನು ಯಾರ ಅತಿಥಿ? ಅವನಿಗೆ ಯಾರ ಋಣ?

ನ್ಯೂಜೀಲಂಡಿನ ದಕ್ಷಿಣ ದ್ವೀಪದಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು. ಉಪಾಧ್ಯಾಯರಾದ ನಾವು ನಾಲ್ವರು, ಆ ದ್ವೀಪದ ಅತಿ ದೊಡ್ಡ ನಗರವಾದ ಕ್ರೈಸ್ಟ್‌ಚರ್ಚಿನಲ್ಲಿ ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಪಡೆದೆವು. ಮಂಚ, ಒಲೆ, ನೀರಿನ ತೊಟ್ಟಿ, ಕಕ್ಕಸು ಎಲ್ಲವೂ ಅದರೊಳಗೇ ಇದ್ದವು. ಕ್ಯಾಂಟರ್‌ಬರಿಯ ಬಯಲನ್ನು ದಾಟಿ, ಬರ್ಕ್ಸ್ ಕಣಿವೆಯನ್ನು ಏರಿ, ಟೆಕಾಪೊ ಸರೋವರದ ಕಡೆಗೆ ಸಾಗಿದೆವು. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಪುಡಿಯು ನೀರಿನಲ್ಲಿ ತೇಲುವುದರಿಂದ ಆ ಸರೋವರಕ್ಕೆ ಹಾಲು ಬೆರೆತ ನೀಲಿಯ ಬಣ್ಣ. ಸುತ್ತ ಮನುಷ್ಯರ ಸುಳಿವಿಲ್ಲ. “ಇಲ್ಲಿ ನಾವು ಯಾರಿಗೂ ಏನನ್ನೂ ಕೊಡಬೇಕಾದುದಿಲ್ಲ” ಎಂದು ನಮ್ಮಲ್ಲೊಬ್ಬರು ಹೇಳಿದರು. ನಮಗೆಲ್ಲರಿಗೂ ಆ ಮಾತು ಹಿತವಾಗಿಯೇ ಕೇಳಿಸಿತು.

ಆ ಹಿತ ಎರಡು ದಿನವೂ ಉಳಿಯಲಿಲ್ಲ. ಕಕ್ಕಸಿನ ಪೆಟ್ಟಿಗೆ ತುಂಬಿತು. ಅದನ್ನು ಕಳಚಿ, ಹೊತ್ತು, ಊರಿನಲ್ಲಿ ಅದಕ್ಕೆಂದೇ ಮಾಡಿದ ಸ್ಥಳದಲ್ಲಿ ಸುರಿದು ತೊಳೆಯಬೇಕು. ಆಗ ಒಬ್ಬರಿಗೆ ನಕ್ಷೆ ನೋಡುವ ಕೆಲಸ ಬಂತು, ಒಬ್ಬರಿಗೆ ಸೊಂಟ ಹಿಡಿಯಿತು, ಮತ್ತೊಬ್ಬರಿಗೆ ಅನ್ನ ಸೀಯುವ ಚಿಂತೆ ಹತ್ತಿತು. ಕೊನೆಗೆ ನಮ್ಮಲ್ಲಿ ಹಿರಿಯರಾದವರು ಕೈಗವಸು ತೊಟ್ಟು ಎದ್ದರು. “ನೀವು ಬಿಡಿ ಮಾಸ್ತರೇ, ನಾವು ಮಾಡುತ್ತೇವೆ” ಎಂದೆವು. “ನಿನ್ನೆಯಿಂದ ಅದನ್ನೇ ಹೇಳುತ್ತಿದ್ದೀರಿ” ಎಂದು ನಕ್ಕು, ಅವರು ಪೆಟ್ಟಿಗೆಯನ್ನು ಎತ್ತಿಕೊಂಡು ನಡೆದರು. ನಾವು ತಲೆ ತಗ್ಗಿಸಿದೆವು.

ಆ ನಾಡಿನಲ್ಲಿ ಬಯಲಿನಲ್ಲಿ ತಂಗುವುದನ್ನು ಕುರಿತು 2011ರಲ್ಲಿ ಒಂದು ಕಾನೂನಾಯಿತು. 2023ರಲ್ಲಿ ಅದನ್ನು ಬಿಗಿಗೊಳಿಸಿದರು. ಅಲ್ಲಿ ಒಂದು ವಾಹನವನ್ನು ‘ಸ್ವಯಂಪೂರ್ಣ’ವೆಂದು ಒಪ್ಪಬೇಕಾದರೆ ಅದರೊಳಗೆ ಕಕ್ಕಸು ಭದ್ರವಾಗಿ ನೆಲೆಗೊಂಡಿರಬೇಕು, ಮೂರು ದಿನಗಳ ನೀರನ್ನು ಮಾತ್ರವಲ್ಲ, ಮೂರು ದಿನಗಳ ಹೊಲಸನ್ನೂ ಹಿಡಿಯುವ ಶಕ್ತಿ ಅದಕ್ಕಿರಬೇಕು. ಮೆತ್ತನೆಯ ಹಾಸಿಗೆ ಇದೆಯೇ, ಒಳ್ಳೆಯ ಒಲೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಈ ವಿಚಾರದಲ್ಲಿ ಕಾನೂನು ನಮಗಿಂತ ಹೆಚ್ಚು ತಿಳಿದಂತಿದೆ. ಸುಖಸಾಧನಗಳನ್ನೆಲ್ಲ ಕಟ್ಟಿಕೊಂಡು ಹೊರಟುದನ್ನೇ ನಾವು ಸ್ವಾವಲಂಬನೆ ಎಂದು ಬಗೆದಿದ್ದೆವು. ನಿಜವಾದ ಸ್ವಾವಲಂಬಿಯು ತನ್ನ ಹೊಲಸನ್ನೂ ತಾನೇ ಹೊರಬಲ್ಲವನು.

ಈ ಮಾತಿನ ಭಾರ ನಮ್ಮ ದೇಶದವರಿಗೆ ಇನ್ನೂ ಹೆಚ್ಚು. ತಲೆಮಾರುಗಳಿಂದ ನಾವು ಆ ಹೊರೆಯನ್ನು ಕೆಲವರ ತಲೆಯ ಮೇಲಿಟ್ಟು, ಹೊತ್ತವರನ್ನೇ ದೂರ ನಿಲ್ಲಿಸಿದೆವು. ಅದನ್ನು ತಡೆಯಲು 1993ರಲ್ಲಿ ಒಂದು ಕಾನೂನು, ಅದು ಸಾಲದೆ 2013ರಲ್ಲಿ ಮತ್ತೊಂದು ಬೇಕಾಯಿತು. ಪರದೇಶದ ಸರೋವರದ ಬಳಿ ನಮ್ಮ ಕೈ ಹಿಂಜರಿದುದು ಬರಿಯ ಅಸಹ್ಯದಿಂದಲ್ಲ. ಹಳೆಯ ಅಭ್ಯಾಸದ ಬಲದಿಂದಲೂ ಅಹುದು.

ಬಾಡಿಗೆ ಕೊಟ್ಟಿದ್ದೇವೆ, ಸುಂಕ ತೆತ್ತಿದ್ದೇವೆ; ಅಲ್ಲಿಗೆ ಋಣ ತೀರಲಿಲ್ಲವೇ ಎಂದು ಕೆಲವರು ಕೇಳಬಹುದು. ತೀರುವುದಿಲ್ಲ. 2004ರಲ್ಲಿ ಆ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಎಂಬ ಹೊರನಾಡಿನ ಪಾಚಿ ಕಾಣಿಸಿಕೊಂಡು, ಮುಂದೆ ಅನೇಕ ನದಿಗಳಿಗೆ ಹಬ್ಬಿತು. ಒಂದು ಹನಿ ನೀರಿನಲ್ಲಿಯೂ ಅದು ಸಾಗಬಲ್ಲುದು. ಒಂದು ಹೊಳೆಯಲ್ಲಿ ನೆನೆದ ಪಾದರಕ್ಷೆಯನ್ನು ತೊಳೆದು ಒಣಗಿಸದೆ ಇನ್ನೊಂದಕ್ಕೆ ಇಳಿದರೆ ಸಾಕು. ಯಾವ ಹಣದಿಂದಲೂ ಆ ಹನಿಯನ್ನು ಹಿಂದಕ್ಕೆ ಪಡೆಯಲಾಗದು. ನೋಡುವವರಿಲ್ಲದ ದಡದಲ್ಲಿ ಪಾದರಕ್ಷೆ ತೊಳೆಯುವವನ ಧರ್ಮಕ್ಕೆ ಸಾಕ್ಷಿ ಅವನೊಬ್ಬನೇ.

ಯಾರೂ ಇಲ್ಲವೆಂದು ನಾವು ತಿಳಿದ ಆ ಬಯಲು ಕೂಡ ಬರಿದಲ್ಲ. ಮೋಡ ಸರಿದಾಗ ಆವೊರಾಕಿ ಶಿಖರ ಕಂಡಿತು. ಅದರ ಎತ್ತರ 3,724 ಮೀಟರು. ಅಲ್ಲಿಯ ಮಾವೊರಿ ಜನಾಂಗಗಳಲ್ಲಿ ಒಂದಾದ ನಾಯ್ ತಾಹು ಜನರಿಗೆ ಅದು ಪೂರ್ವಜನ ದೇಹ. ಆದುದರಿಂದಲೇ ಪರ್ವತಾರೋಹಿಗಳು ತುತ್ತತುದಿಯನ್ನು ಮೆಟ್ಟದೆ ಸ್ವಲ್ಪ ಕೆಳಗೇ ನಿಲ್ಲಬೇಕೆಂಬುದು ಅವರ ಕೋರಿಕೆ. ಮನೆಯನ್ನು ಹೊತ್ತು ತಂದರೂ ನಾವು ನಿಂತ ನೆಲ ಮತ್ತೊಬ್ಬರ ಅಂಗಳವೇ ಆಗಿತ್ತು.

ಕ್ರೈಸ್ಟ್‌ಚರ್ಚಿಗೆ ಮರಳುವ ದಾರಿಯಲ್ಲಿ ಪೆಟ್ಟಿಗೆಯ ಕೆಲಸಕ್ಕೆ ಸರದಿ ಹಾಕಿಕೊಂಡೆವು. ಮೊದಲ ಸಲ ಕೈ ನಡುಗಿತು, ಎರಡನೆಯ ಸಲ ನಡುಗಲಿಲ್ಲ. ಶಾಲೆಯ ಪ್ರವಾಸ ಮುಗಿಸಿ ಬಂದ ಮಕ್ಕಳನ್ನು “ಏನೇನು ನೋಡಿದಿರಿ?” ಎಂದು ಕೇಳುವುದು ನಮ್ಮ ವಾಡಿಕೆ. “ಏನು ಬಿಟ್ಟು ಬಂದಿರಿ, ಅದನ್ನು ಯಾರು ಎತ್ತಿದರು?” ಎಂದೂ ಇನ್ನು ಮುಂದೆ ಕೇಳಬೇಕೆಂದಿದ್ದೇವೆ. ಆ ಪ್ರಶ್ನೆಯನ್ನು ಮಕ್ಕಳು ನಮಗೇ ತಿರುಗಿಸಿದರೆ ಉತ್ತರ ಕೊಡುವ ಯೋಗ್ಯತೆ ನಮಗಿರಬೇಕು.