ಬೆಲೆಯ ವಿಚಾರಣೆ ಮತ್ತು ಕಾಯಕದ ನ್ಯಾಯ

ಕೊಳ್ಳಬೇಕಾದ ವಸ್ತುವಿನ ಬೆಲೆಯನ್ನು ನಾಲ್ಕು ಕಡೆ ವಿಚಾರಿಸಿ, ಕಡಿಮೆಗೆ ಸಿಕ್ಕಲ್ಲಿ ಪಡೆಯುವುದು ವಿವೇಕವೋ ಲೋಭವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮನೆವಾರ್ತೆಯ ಲೆಕ್ಕಕ್ಕೆ ಸೇರಿದ್ದೆಂದು ತೋರಿದರೂ, ಗಳಿಕೆ ಮತ್ತು ವೆಚ್ಚಗಳೆರಡನ್ನೂ ಧರ್ಮದ ವಿಚಾರವೆಂದೇ ಪರಿಗಣಿಸಿದ ಕನ್ನಡ ನಾಡಿನ ಚಿಂತನೆಯಲ್ಲಿ ಅದಕ್ಕೆ ಗಂಭೀರ ಸ್ಥಾನವಿದೆ. ಪುಣೆ–ಬೆಂಗಳೂರು ಹೆದ್ದಾರಿಯ ದಾವಣಗೆರೆ, ಹರಿಹರಗಳಂತಹ ಊರುಗಳಲ್ಲಿ ಈ ಪ್ರಶ್ನೆ ಸ್ಪಷ್ಟ ರೂಪ ತಾಳುವುದು ಕಾರಿನ ದುರಸ್ತಿಯಲ್ಲಿ. ಒಂದೇ ಕಾರಿನ ಬ್ರೇಕ್ ಪ್ಯಾಡಿಗೆ ಮೂರು ಬಗೆಯ ಬೆಲೆಗಳಿರುತ್ತವೆ: ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವ ಭಾಗಕ್ಕೆ ಒಂದು, ಆ ಕಂಪನಿಗೆ ಸರಬರಾಜು ಮಾಡುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವ ಭಾಗಕ್ಕೆ ಅದಕ್ಕಿಂತ ಕಡಿಮೆಯಾದ ಇನ್ನೊಂದು, ‘ಲೋಕಲ್’ ಎಂದು ಕರೆಯಲಾಗುವ ಭಾಗಕ್ಕೆ ಎಲ್ಲಕ್ಕಿಂತ ಕಡಿಮೆಯಾದ ಮತ್ತೊಂದು. ಈ ಮೂರರ ನಡುವೆ ಆಯ್ಕೆ ಮಾಡುವಾಗ ಕೊಳ್ಳುವವನು ಹಣವನ್ನಷ್ಟೇ ಅಲ್ಲ, ಬೇರೆಯವರ ದುಡಿಮೆಯನ್ನೂ ರಸ್ತೆಯ ಮೇಲಿನ ಜೀವಗಳನ್ನೂ ತೂಗುತ್ತಿರುತ್ತಾನೆ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದೂ, ದುಡಿದದ್ದನ್ನು ಸಮಾಜದೊಡನೆ ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದು, ಕಾಯಕವು ಸತ್ಯಶುದ್ಧವಾಗಿರಬೇಕೆಂದು, ಅಂದರೆ ವಂಚನೆಯ ಸೋಂಕಿಲ್ಲದೆ ನಡೆಯಬೇಕೆಂದು ವಿಧಿಸಿದರು. ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯೆಂದು ಅವನ ಪತ್ನಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ಪರಂಪರೆ ಇಂದಿಗೂ ನೆನೆಯುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ, ಅಂದರೆ ಕೂಡಿಡದಿರುವ ಗುಣದ, ನಿದರ್ಶನವಾಗಿ ಓದಲಾಗುತ್ತದೆಯಾದರೂ, ಅದನ್ನು ವ್ಯಾಪಾರಕ್ಕೆ ಅನ್ವಯಿಸಿದರೆ ಅದು ಇಬ್ಬರನ್ನೂ ಕಟ್ಟುತ್ತದೆ: ಗಿರಾಕಿಯ ಅಜ್ಞಾನವನ್ನು ನೋಡಿ ಎರಡು ಪಟ್ಟು ಬೆಲೆ ಹೇಳುವ ಮಾರಾಟಗಾರನು ಹೇಗೆ ತನ್ನದಲ್ಲದ್ದನ್ನು ತೆಗೆದುಕೊಳ್ಳುತ್ತಾನೋ, ಮಾರಾಟಗಾರನ ಅಡಚಣೆಯನ್ನು ನೋಡಿ ಅಸಲಿಗಿಂತ ಕೆಳಕ್ಕೆ ಜಗ್ಗುವ ಗಿರಾಕಿಯೂ ಹಾಗೆಯೇ ತೆಗೆದುಕೊಳ್ಳುತ್ತಾನೆ.

ಬೆಲೆಯ ವಿಚಾರಣೆಯು ಸಮರ್ಥನೀಯವಾಗುವುದು ಅದು ಅಜ್ಞಾನವನ್ನು ಕಳೆಯುವುದರಿಂದ. ಕಾರಿನ ದುರಸ್ತಿಯಲ್ಲಿ ತಿಳಿವಳಿಕೆಯು ಬಹುಪಾಲು ಒಂದೇ ಕಡೆ ಸೇರಿರುತ್ತದೆ. ಯಾವ ಭಾಗ ಸವೆದಿದೆ, ಯಾವುದು ಇನ್ನೂ ಬಾಳುತ್ತದೆ ಎಂಬುದನ್ನು ಮಾಲೀಕನು ತಾನಾಗಿ ಅರಿಯಲಾರ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು, ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ದೊರಕಿಸದ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದ್ದು, ಆ ಆದೇಶ ಮುಂದೆ ಮೇಲ್ಮನವಿಗಳಿಗೆ ಒಳಗಾದರೂ, ಈ ಅಸಮಾನತೆ ಎಷ್ಟು ಆಳವಾದದ್ದೆಂಬುದನ್ನು ತೋರಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಸ್ತುವಿನ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವುದನ್ನೂ, ಸಾಧ್ಯವಿರುವಲ್ಲೆಲ್ಲ ಸ್ಪರ್ಧಾತ್ಮಕ ಬೆಲೆಗೆ ಬಗೆಬಗೆಯ ವಸ್ತುಗಳು ದೊರೆಯುವುದನ್ನೂ ಗ್ರಾಹಕರ ಹಕ್ಕೆಂದು ಗುರುತಿಸಿದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು, ಅದರ ಮೇಲಿನ ಪಾರ್ಟ್ ನಂಬರನ್ನು ಡಬ್ಬಿಯ ಮೇಲಿನದರೊಡನೆ ಹೋಲಿಸಿ, ಎಂ.ಆರ್.ಪಿ. ನೋಡಿ, ಬಿಲ್ ಕೇಳಿ ಪಡೆಯುವ ಗಿರಾಕಿಯು ಜುಗ್ಗನಲ್ಲ. ಅವನ ಎಚ್ಚರವು ಪ್ರಾಮಾಣಿಕ ವ್ಯಾಪಾರಿಗೂ ರಕ್ಷಣೆಯಾಗುತ್ತದೆ, ಏಕೆಂದರೆ ಯಾರೂ ವಿಚಾರಿಸದ ಪೇಟೆಯಲ್ಲಿ ನೇರ ಬೆಲೆ ಹೇಳುವವನಿಗೂ ಮೋಸದ ಬೆಲೆ ಹೇಳುವವನಿಗೂ ವ್ಯತ್ಯಾಸವೇ ಕಾಣಿಸದು.

ಆದರೆ ಈ ಹಕ್ಕಿಗೆ ಮೇರೆಯಿದೆ, ಮತ್ತು ಆ ಮೇರೆಯನ್ನು ಜೈನ ದರ್ಶನವು ನಿಖರವಾಗಿ ಗುರುತಿಸಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಸ್ತೇಯ ವ್ರತಕ್ಕೆ, ಅಂದರೆ ಕೊಡದಿರುವುದನ್ನು ತೆಗೆದುಕೊಳ್ಳದಿರುವ ವ್ರತಕ್ಕೆ, ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತದೆ. ಅವುಗಳಲ್ಲಿ ಕಳ್ಳತನಕ್ಕೆ ಪ್ರೇರಣೆ ನೀಡುವುದು ಮತ್ತು ರಾಜ್ಯದ ಕಟ್ಟಳೆಯನ್ನು ಮೀರುವುದಲ್ಲದೆ, ಕದ್ದು ತಂದದ್ದನ್ನು ಕೊಳ್ಳುವ ತದಾಹೃತಾದಾನ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ, ಅಸಲಿಯ ಹೆಸರಿನಲ್ಲಿ ನಕಲಿಯನ್ನು ಸಾಗಿಸುವ ಪ್ರತಿರೂಪಕ ವ್ಯವಹಾರಗಳೂ ಸೇರಿವೆ. ಎಲ್ಲಿಂದ ಬಂತೆಂದು ಹೇಳಲಾಗದ ಕಾರ್ ಸ್ಟೀರಿಯೊವನ್ನು ಅರ್ಧ ಬೆಲೆಗೆ ಕೊಳ್ಳುವುದು ಈ ಕೊನೆಯ ಮೂರರಲ್ಲಿ ಮೊದಲನೆಯದು. ಅಳತೆ ತಪ್ಪಿದ ಎಂಜಿನ್ ಆಯಿಲ್ ಎರಡನೆಯದು. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ತುಂಬಿದ ಡೂಪ್ಲಿಕೇಟ್ ಪ್ಯಾಡು ಮೂರನೆಯದು. ಬ್ರೇಕ್ ಪ್ಯಾಡೆಂದರೆ ಉಕ್ಕಿನ ತಗಡಿನ ಮೇಲೆ ಗಟ್ಟಿಯಾಗಿ ಅಂಟಿಸಿದ ಘರ್ಷಣೆಯ ಪದರ. ನಕಲಿ ಪ್ಯಾಡಿನಲ್ಲಿ ಆ ಪದರವು ಬಿಸಿಯೇರಿದಾಗ ಹಿಡಿತ ಕಳೆದುಕೊಳ್ಳಬಹುದು, ತಗಡಿನಿಂದ ಕಿತ್ತುಬರಲೂಬಹುದು. ಆಗ ಉಳಿಸಿದ ನೂರಾರು ರೂಪಾಯಿಯ ಬೆಲೆಯನ್ನು ತೆರುವವರು ರಸ್ತೆ ದಾಟುತ್ತಿರುವ ಅಪರಿಚಿತರಾಗಬಹುದಾದ್ದರಿಂದ, ತಿಳಿದೂ ತಿಳಿದೂ ನಕಲಿಯನ್ನು ಆರಿಸುವ ಉಳಿತಾಯವು ಅಸ್ತೇಯದ ಜೊತೆಗೆ ಅಹಿಂಸೆಯನ್ನೂ ಮುರಿಯುತ್ತದೆ.

ಇನ್ನೊಂದು ಮೇರೆಯು ಮೆಕ್ಯಾನಿಕ್ಕನ ಕೂಲಿಗೆ ಸಂಬಂಧಿಸಿದ್ದು. ಅನೇಕ ಗ್ಯಾರೇಜುಗಳಲ್ಲಿ ಕೂಲಿಯನ್ನು ಕಡಿಮೆ ಹೇಳಿ, ಬಿಡಿಭಾಗದ ಮೇಲಿನ ಲಾಭದಲ್ಲಿ ಅದನ್ನು ತುಂಬಿಕೊಳ್ಳುವ ರೂಢಿಯಿದೆ. ಭಾಗವನ್ನು ತಾನೇ ಬೇರೆಡೆ ಅಗ್ಗಕ್ಕೆ ಕೊಂಡು ತರುವ ಮಾಲೀಕನು ಆ ಲಾಭವನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅದರ ಬಳಿಕ ಕೂಲಿಯಲ್ಲೂ ಚೌಕಾಸಿ ಮಾಡಿದರೆ, ಅವನು ಕತ್ತರಿಸುತ್ತಿರುವುದು ವ್ಯಾಪಾರದ ಲಾಭವನ್ನಲ್ಲ, ಕಾಯಕದ ಪ್ರತಿಫಲವನ್ನು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ: ಸವೆದ ಬ್ರೇಕ್ ಡ್ರಮ್ಮನ್ನು ಲೇತಿಗೆ ಕಟ್ಟಿ, ಕೂದಲೆಳೆಯಷ್ಟೇ ತೆಗೆದು ಸಮಗೊಳಿಸುವ ಕೈಗೆ ವರ್ಷಗಳ ಅಭ್ಯಾಸ ಬೇಕು, ಮತ್ತು ಹೊಸ ಡ್ರಮ್ಮಿನ ವೆಚ್ಚವನ್ನು ಮಾಲೀಕನಿಗೆ ಉಳಿಸಿಕೊಡುವುದು ಆ ಕೈಯೇ. ದುಡಿಯುವವನ ಶ್ರಮವನ್ನು ಗೌರವಿಸುವ ಈ ಮೇರೆಯು ಬೆಲೆ ಕೇಳುವ ರೀತಿಗೂ ಅನ್ವಯಿಸುತ್ತದೆ: ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದ್ಯರ ಧರ್ಮಗ್ರಂಥ ಮಿಶ್ನಾವು, ಕೊಳ್ಳುವ ಮನಸ್ಸಿಲ್ಲದವನು ವ್ಯಾಪಾರಿಯನ್ನು ಬೆಲೆ ಕೇಳಬಾರದೆಂದು ನಿಷೇಧಿಸಿ, ಅದನ್ನು ಮಾತಿನಿಂದ ಮಾಡುವ ಅನ್ಯಾಯವೆಂದು ಎಣಿಸುತ್ತದೆ. ದೋಷ ಪತ್ತೆಹಚ್ಚುವ ಶ್ರಮವನ್ನು ಒಬ್ಬ ಮೆಕ್ಯಾನಿಕ್ಕನಿಂದ ಬಿಟ್ಟಿಯಾಗಿ ಪಡೆದು, ಕೆಲಸವನ್ನು ಮತ್ತೊಬ್ಬನಿಗೆ ಒಯ್ಯುವವರಿಗೆ ಈ ವಿಧಿಯು ನೇರವಾಗಿ ಅನ್ವಯಿಸುತ್ತದೆ. ಪರೀಕ್ಷೆಯೂ ಕೆಲಸವೇ ಆದ್ದರಿಂದ ಅದಕ್ಕೂ ಹಣ ಸಲ್ಲಬೇಕು.

ಹೀಗೆ ನೋಡಿದಾಗ, ಉಳಿತಾಯದ ಮೊತ್ತಕ್ಕಿಂತ ಅದರ ಮೂಲವೇ ಧರ್ಮದ ನಿರ್ಣಾಯಕ ಪ್ರಶ್ನೆಯಾಗುತ್ತದೆ. ಅತಿಯಾದ ಲಾಭದಿಂದ, ಅನಗತ್ಯವಾಗಿ ಬದಲಿಸಲಾಗುತ್ತಿದ್ದ ಭಾಗದಿಂದ, ಕೊಳ್ಳುವವನು ತನ್ನ ಅಜ್ಞಾನವನ್ನು ಕಳೆದುಕೊಂಡದ್ದರಿಂದ ಉಳಿದ ಹಣವು ನ್ಯಾಯವಾದದ್ದು. ದುಡಿದವನ ಕೂಲಿಯಿಂದ, ಕದ್ದ ಮಾಲಿನಿಂದ, ದಾರಿಹೋಕರ ಸುರಕ್ಷತೆಯಿಂದ ಉಳಿದದ್ದು ಎಷ್ಟೇ ಚಿಕ್ಕದಾದರೂ ಪರರ ಪಾಲು. ಮೊದಲನೆಯ ಬಗೆಯ ಉಳಿತಾಯವು ದಾಸೋಹಕ್ಕೆ ಸಲ್ಲುವ ಅರ್ಹತೆ ಪಡೆಯುತ್ತದೆ, ಎರಡನೆಯದಕ್ಕೆ ಆ ಅರ್ಹತೆ ಎಂದೂ ಬರುವುದಿಲ್ಲ.