ಹೊಲ ಬೇಡವೆಂದದ್ದು

ಪಾಮನಕಲ್ಲೂರಿನ ಸುತ್ತಮುತ್ತ, ಮಸ್ಕಿ–ಲಿಂಗಸುಗೂರು ಸೀಮೆಯಲ್ಲಿ, ಹಳೆಯ ಒಕ್ಕಲು ಮನೆಗಳ ಮುಂದೆ ನಿಂತಾಗಲೆಲ್ಲ ನನಗೆ ಒಂದೇ ಬೆರಗು. ಹೊಲ ಬೇಡವೆಂದದ್ದೇ ಇಲ್ಲಿ ಮನೆಯಾಗಿದೆ. ನೇಗಿಲಿಗೆ, ಕುಂಟೆಗೆ ತಾಗುತ್ತಿದ್ದ ಕಲ್ಲು ಗೋಡೆ ಸೇರಿದೆ. ಏನು ಬಿತ್ತಿದರೂ ಏಳದ ಸವಳು ಮಣ್ಣು ಮಾಳಿಗೆ ಏರಿದೆ. ಬದುವಿನ ಜಾಲಿ, ಬೇವು ತೊಲೆ-ಜಂತಿಗಳಾಗಿವೆ.

ಅದರಲ್ಲೂ ಮಾಳಿಗೆಯ ಮಣ್ಣಿನ ಸಂಗತಿ ಎಷ್ಟು ನೆನೆದರೂ ಮುಗಿಯದು. ಜಂತಿಯ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಸೊಪ್ಪು, ಅದರ ಮೇಲೆ ದಪ್ಪನೆ ಮಣ್ಣು. ಸಿಮೆಂಟಿಲ್ಲ, ಹಂಚಿಲ್ಲ. ಆದರೂ ಮಳೆ ಒಳಗಿಳಿಯದೆ ಮಾಳಿಗೆಯಂಚಿನ ನೀರುದೋಣಿಯಿಂದ ಹೊರಬೀಳುತ್ತದೆ. ಸವಳಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ, ಮಣ್ಣಿನೊಳಗಿನ ಸಣ್ಣ ಸಣ್ಣ ಕಂಡಿಗಳಲ್ಲಿ ಕೂತು ಮೆತ್ತಿಕೊಳ್ಳುತ್ತವೆ. ಮುಂದಿನ ಹನಿಗೆ ಕೆಳಗಿಳಿಯಲು ದಾರಿ ಇರುವುದಿಲ್ಲ. ಹೊಲದಲ್ಲಿ ಬೇರಿಗೆ ನೀರೂ ಗಾಳಿಯೂ ಸಿಗದೆ ಪೈರು ಸೊರಗುವುದು ಈ ಗುಣದಿಂದ. ಮನೆ ಸೋರದಿರುವುದೂ ಇದೇ ಗುಣದಿಂದ. ಸೋಡಿಯಂ ಎಂಬ ಹೆಸರು ಹುಟ್ಟಿದ್ದು 1807ರಲ್ಲಿ. ಇಲ್ಲಿನ ಒಕ್ಕಲಿಗನಿಗೆ ಆ ಹೆಸರು ಬೇಕಾಗಿರಲಿಲ್ಲ. ಕೆಟ್ಟ ಮಣ್ಣನ್ನು ಬೈದು ಸುಮ್ಮನಾಗದೆ, ಅದರ ಕೆಡುಕು ಎಲ್ಲಿ ಉಪಕಾರವಾದೀತು ಎಂದು ನೋಡಿದನಲ್ಲ, ಆ ನೋಟಕ್ಕೆ ನಾನು ಕೈಮುಗಿಯುತ್ತೇನೆ.

ಗೋಡೆಯದು ಇನ್ನೊಂದು ಜಾಣತನ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು. ಅಗಲ ಎರಡಡಿಗೆ ಕಡಿಮೆಯಿಲ್ಲ. ನಡುಹಗಲಿನ ಝಳ ಇಷ್ಟು ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಬೇಸಿಗೆಯಲ್ಲಿ ಮನೆಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ.

ಈ ನಾಡಿನ ಜನ ಕಲ್ಲಿನ ಜೊತೆ ಬದುಕಿದ್ದು ಇಂದು ನಿನ್ನೆಯಿಂದಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಶೋಕನಿಗೂ ಸಾವಿರಾರು ವರ್ಷ ಮೊದಲು, ಮುದಗಲ್ ಬಳಿಯ ಪಿಕ್ಲಿಹಾಳದ ಗುಡ್ಡಗಳಲ್ಲಿ ನವಶಿಲಾಯುಗದ ದನಗಾಹಿಗಳು ನೆಲೆ ಮಾಡಿದ್ದರು.

ದನ ಅಂದೆನಲ್ಲ, ಮನೆಯ ನಕಾಶೆ ತಿಳಿಯಬೇಕಾದರೆ ಅಲ್ಲಿಂದಲೇ ಶುರುಮಾಡಬೇಕು. ತಲಬಾಗಿಲು ದಾಟಿದೊಡನೆ ಸಿಗುವುದು ಎತ್ತು-ಎಮ್ಮೆಗಳ ಜಾಗ. ಅದು ತಗ್ಗು. ಅದರಾಚೆ ಮೊಣಕಾಲೆತ್ತರದ ಕಟ್ಟೆ ಏರಿದರೆ ಪಡಸಾಲೆ, ಇನ್ನೂ ಒಳಗೆ ಅಡುಗೆ ಮನೆ, ದೇವರ ಜಗಲಿ. ದನಕ್ಕೂ ಜನಕ್ಕೂ ಬಾಗಿಲು ಒಂದೇ, ಸೂರು ಒಂದೇ. ಬೇರೆಯದೆಂದರೆ ನೆಲದ ಮಟ್ಟ ಮಾತ್ರ.

ಮಳೆ ಬಿಡದೆ ಸುರಿಯುವ, ಚಳಿ ಕೊರೆಯುವ ವೇಲ್ಸ್ ದೇಶದ ರೈತರೂ ಇದನ್ನೇ ಕಂಡುಕೊಂಡಿದ್ದರು ಎಂದು ತಿಳಿದಾಗ ನನಗೆ ರೋಮಾಂಚನವಾಯಿತು. ಅಲ್ಲಿನ ಉದ್ದನೆಯ ಕಲ್ಲುಮನೆಗಳಲ್ಲಿ ಒಂದು ತುದಿ ದನಕ್ಕೆ, ಒಂದು ತುದಿ ಜನಕ್ಕೆ. ಗಂಜಲ ಹರಿದುಹೋಗಲೆಂದು ದನದ ತುದಿ ತಗ್ಗಿನ ಕಡೆಗೆ. ಕಾರ್ಡಿಫ್ ಹತ್ತಿರದ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದಲ್ಲಿ ಅಂಥ ಕಿಲೆವೆಂಟ್ ಎಂಬ ಮನೆಯನ್ನು ಮೂಲ ಜಾಗದಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅವರಿಗೆ ದನದ ಮೈಯ ಕಾವು ಬೇಕಿತ್ತು, ನಮ್ಮವರಿಗೆ ಕಳ್ಳರಿಂದ ಎತ್ತಿನ ಕಾವಲು ಬೇಕಿತ್ತು. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಒಕ್ಕಲಿಗರು ಒಂದೇ ತಗ್ಗು, ಒಂದೇ ದಿಬ್ಬ ಮಾಡಿಕೊಂಡು ಬಾಳಿದರು.

ಮಾಳಿಗೆ ಮನೆಯನ್ನು ಬಿಟ್ಟವರನ್ನು ನಾನು ದೂರಲಾರೆ. ವರ್ಷವರ್ಷ ಮಣ್ಣು ಹೊರುವ ದಣಿವು, ಜಡಿಮಳೆಯಲ್ಲಿ ತೊಲೆ ಕುಸಿಯುವ ಭಯ, ಸಂದಿಯ ಚೇಳು, ಇವುಗಳ ನಡುವೆ ಬಾಳಿದವರಿಗೇ ಆರ್‌ಸಿಸಿಯ ನೆಮ್ಮದಿ ಗೊತ್ತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಕಡೆ ಭತ್ತ ಹಬ್ಬಿದ ಮೇಲೆ, ನೀರು ಬಸಿಯದ ಗದ್ದೆಗಳಲ್ಲಿ ಸವಳೂ ಹಬ್ಬಿತು. ಆ ಮಣ್ಣನ್ನು ಬೇಡುವ ಮಾಳಿಗೆಗಳು ಮಾತ್ರ ಕಡಿಮೆಯಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯನ್ನು ಸರಿಪಡಿಸುವ ಅಧ್ಯಯನ ನಡೆಯುತ್ತದೆ, ನಡೆಯಲೇಬೇಕು. ಜೊತೆಗೇ ಯಾರಾದರೂ ಈ ಊರುಗಳ ಕಟ್ಟೆಗಳ ಮೇಲೆ ಕೂತು, ಎಲ್ಲಿಯ ಸವಳು ಮಾಳಿಗೆಗೆ ಒಳ್ಳೆಯದು, ಯಾವುದು ಬಿಸಿಲಿಗೆ ಬಿರಿಯುತ್ತದೆ, ಎಷ್ಟು ದಪ್ಪ ಹಾಕಬೇಕು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಲಿ ಎಂಬುದು ನನ್ನ ಆಸೆ.